ಹಣ ಅವರದು, ಲೆಕ್ಕ ನಮ್ಮದು



ಇಂದಿನ ಈ ಸಭೆಯ ಖರ್ಚು ನಡೆಯುತ್ತಿರುವುದು ಒಂದು ಠೇವಣಿಯ ಬಡ್ಡಿಯಿಂದ. ಅಸಲನ್ನು ಮುಟ್ಟಬಾರದು, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಲೆಕ್ಕವನ್ನು ಇಂಥವರೇ ನೋಡಿಕೊಳ್ಳಬೇಕು ಎಂದು ಈ ದತ್ತಿಯನ್ನಿಟ್ಟ ಹಿರಿಯರು ತಾವು ಗಟ್ಟಿಮುಟ್ಟಾಗಿದ್ದಾಗಲೇ ಬರೆದು ಸಹಿ ಮಾಡಿಟ್ಟರು. ಅವರ ಮಕ್ಕಳು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅಪ್ಪನ ಹಣ ಅಪ್ಪನ ಇಷ್ಟದಂತೆಯೇ ನಡೆಯುತ್ತಿರುವುದನ್ನು ಕಣ್ಣಾರೆ ನೋಡುವ ಭಾಗ್ಯ ನಮ್ಮ ಸೀಮೆಯ ಎಷ್ಟು ಮನೆಗಳಿಗಿದೆ ಎಂದು ಯೋಚಿಸಿದಾಗ ನನಗೆ ಇಂದಿನ ವಿಷಯ ಹೊಳೆಯಿತು.

ನಾನು ಬ್ಯಾಂಕಿನ ಕೌಂಟರಿನಲ್ಲಿ ದುಡಿದು ನಿವೃತ್ತನಾದವನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ವಯಸ್ಸಾದ ಅಪ್ಪ ಅಮ್ಮಂದಿರು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದು ನಿಂತದ್ದನ್ನು ಕಂಡಿದ್ದೇನೆ. 'ತಂದೆತಾಯಿಯರ ಹಣಕಾಸು' ಎಂಬ ತಲೆಬರಹದಲ್ಲಿ ಪೇಟೆಯ ಪತ್ರಿಕೆಗಳು ಬರೆಯುವುದು ಷೇರು, ಮ್ಯೂಚುವಲ್ ಫಂಡು, ತೆರಿಗೆ ಉಳಿತಾಯದ ಬಗ್ಗೆ. ನಮ್ಮವರ ಆಸ್ತಿಪಾಸ್ತಿಯ ಪಟ್ಟಿಯೇ ಬೇರೆ. ಅದರಲ್ಲಿ ಎರಡೋ ಮೂರೋ ಎಕರೆಯ ಪಹಣಿ ಇರುತ್ತದೆ, ಡೇರಿಯ ಹಾಲಿನ ಬಟವಾಡೆ ಇರುತ್ತದೆ, ಮಾವಿನ ತೋಪಿನ ಗುತ್ತಿಗೆ ಹಣ ಇರುತ್ತದೆ. ಬೀರುವಿನಲ್ಲಿ ಒಂದಿಷ್ಟು ಒಡವೆ, ಅದರಲ್ಲಿ ಅರ್ಧ ಅಡವು. ಊರಿನ ಚೀಟಿಗೆ ಕಟ್ಟಿದ ಹಣ. ನೆಂಟರಿಗೆ ಕೈಗಡ ಕೊಟ್ಟು ಯಾವ ಕಾಗದದಲ್ಲೂ ಇಲ್ಲದ ಹಣ. ಸರ್ಕಾರ ಕೊಡುವ ವೃದ್ಧಾಪ್ಯ ವೇತನ. ಕೆಲವರಿಗೆ, ಅದರಲ್ಲೂ ಮಾಲೂರು, ನರಸಾಪುರ, ವೇಮಗಲ್ ಕಡೆಯವರಿಗೆ, ಜಮೀನು ಹೋದದ್ದಕ್ಕೆ ಬಂದ ಪರಿಹಾರದ ಹಣ.

ಇದನ್ನೆಲ್ಲ ನೋಡಿಕೊಳ್ಳಲು ವಯಸ್ಸಾದವರಿಗೆ ಮಕ್ಕಳ ನೆರವು ಬೇಕೇ ಬೇಕು. ಆದರೆ ಆ ನೆರವಿಗೆ ಒಂದು ಗೆರೆ ಇದೆ. ಹಳೆಯ ಕಾಲದ ಹಳ್ಳಿಯಲ್ಲಿ ಶಾನುಭೋಗರು ಖಿರ್ದಿ ಬರೆಯುತ್ತಿದ್ದರು, ಊರಿನ ಎಲ್ಲ ಲೆಕ್ಕವೂ ಅವರ ಬಾಯಲ್ಲಿರುತ್ತಿತ್ತು, ಆದರೆ ಹೊಲ ಮಾತ್ರ ರೈತನದೇ ಆಗಿರುತ್ತಿತ್ತು. ಅಪ್ಪ ಅಮ್ಮನ ಹಣದ ವಿಷಯದಲ್ಲಿ ಮಗನಾಗಲಿ ಮಗಳಾಗಲಿ ಶಾನುಭೋಗಿಕೆ ಮಾಡಲಿ, ಯಜಮಾನಿಕೆ ಮಾಡುವುದು ಬೇಡ. ಇಷ್ಟನ್ನೇ ನಾನು ಇಂದು ಹೇಳಬೇಕೆಂದಿರುವುದು. ಉಳಿದದ್ದೆಲ್ಲ ಅದನ್ನು ನಡೆಸುವ ಬಗೆ.

ಈ ಮಾತು ಈಗ ಏಕೆ ಬೇಕು ಎಂದರೆ ಮುಪ್ಪಿನ ಕಾಲ ಉದ್ದವಾಗಿದೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು 88 ವರ್ಷ ಬದುಕಿದರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 95 ವರ್ಷ ಬದುಕಿದರು. ಅವರ ಕಾಲಕ್ಕೆ ಅದು ಅಪರೂಪ. ಇಂದು ನಮ್ಮ ಹಳ್ಳಿಗಳ ಯಾವ ಬೀದಿಗೆ ಹೋದರೂ ಎಂಬತ್ತು ದಾಟಿದ ಒಬ್ಬಿಬ್ಬರು ಜಗಲಿಯ ಮೇಲೆ ಇರುತ್ತಾರೆ. ದುಡಿಮೆ ನಿಂತ ಮೇಲೆ ಇಪ್ಪತ್ತು ಇಪ್ಪತ್ತೈದು ವರ್ಷ ಬದುಕಬೇಕು, ಆ ವರ್ಷಗಳಷ್ಟೂ ಗುಳಿಗೆ, ಕಣ್ಣಿನ ಆಪರೇಷನ್ನು, ಮಂಡಿನೋವು. ಮಕ್ಕಳು ಬೆಳಗಿನ ರೈಲಿಗೋ ಬಸ್ಸಿಗೋ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು, ಇಲ್ಲವೇ ಅಲ್ಲೇ ಮನೆ ಮಾಡಿಕೊಂಡವರು.

ಮೊದಲು ಆದಾಯದ ಸ್ವರೂಪ ನೋಡಿ. ಶ್ರೀನಿವಾಸಪುರದ ಮಾವಿನ ಬೆಳೆಗಾರನಿಗೆ ಹಣ ಬರುವುದು ವರ್ಷಕ್ಕೊಮ್ಮೆ. ಎಷ್ಟೋ ತೋಪುಗಳು ಹೂವಿನ ಹಂತದಲ್ಲೇ ವ್ಯಾಪಾರಿಗೆ ಗುತ್ತಿಗೆ ಹೋಗುತ್ತವೆ, ಮುಂಗಡ ಆಗಲೇ ಕೈಗೆ ಬಂದು ಆಗಲೇ ಖರ್ಚಾಗಿರುತ್ತದೆ. ಒಂದು ವರ್ಷ ಫಸಲು ತುಂಬಿದರೆ ಮರುವರ್ಷ ಮರ ಬರಿದು. ಫಸಲು ಬಂದ ವರ್ಷವೂ ಬೆಲೆ ಬರುತ್ತದೆಂಬ ಖಾತರಿ ಇಲ್ಲ. 2025ರಲ್ಲಿ ತೋತಾಪುರಿ ಬೆಲೆ ಕುಸಿದು ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದು ಬಂದ್ ಮಾಡಿದ್ದು ನಿಮಗೆಲ್ಲ ನೆನಪಿದೆ. ಟೊಮೆಟೊ ಇನ್ನೂ ದೊಡ್ಡ ಜೂಜು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದ ವರ್ಷಗಳೂ ಇವೆ. ಆದರೆ ಸಕ್ಕರೆ ಕಾಯಿಲೆ, ಬಿಪಿಯ ಗುಳಿಗೆಗೆ ಪ್ರತಿ ತಿಂಗಳೂ ದುಡ್ಡು ಬೇಕು. ವರ್ಷಕ್ಕೊಮ್ಮೆ ಬರುವ ಹಣವನ್ನು ತಿಂಗಳಿಗೊಮ್ಮೆ ಬರುವಂತೆ ಹಂಚಿಕೊಡುವುದೇ ಮಕ್ಕಳು ಮಾಡಬಹುದಾದ ಮೊದಲ ಸಹಾಯ. ಫಸಲಿನ ಹಣ ಬಂದ ದಿನವೇ ಹನ್ನೆರಡು ತಿಂಗಳ ಔಷಧಿ ಮತ್ತು ಮನೆಖರ್ಚಿನ ಮೊತ್ತವನ್ನು ಬೇರೆ ಠೇವಣಿಗೆ ಹಾಕಿ, ತಿಂಗಳಿಗಿಷ್ಟು ಎಂದು ಉಳಿತಾಯ ಖಾತೆಗೆ ಬರುವಂತೆ ಮಾಡಿದರೆ ಸಾಕು. ಅದು ಅರ್ಧ ಗಂಟೆಯ ಕೆಲಸ. ಉಳಿದದ್ದನ್ನು ಬೋರ್‌ವೆಲ್ಲಿಗೆ ಹಾಕುತ್ತೀರೋ ಬಿಡುತ್ತೀರೋ ಆಮೇಲಿನ ಮಾತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಮುಪ್ಪಿನ ಹಣ ಸಾವಿರ ಅಡಿ ದಾಟಿದ ಒಣ ಬೋರ್‌ವೆಲ್ಲುಗಳಲ್ಲಿ ಹೋಗಿದೆ.

ಇನ್ನು ಸರ್ಕಾರದಿಂದ ಬರುವ ಹಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೌಂಟರಿನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು 'ಸ್ವಾಮಿ, ನನ್ನ ಪಿಂಚಣಿ ನಿಂತುಹೋಗಿದೆ' ಎಂಬುದು.

ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಶುರುವಾಯಿತು, 65 ದಾಟಿದ ಅರ್ಹರಿಗೆ ಈಗ ತಿಂಗಳಿಗೆ 1,200 ರೂಪಾಯಿ. ಒಂದು ಕಾಲಕ್ಕೆ ಪೋಸ್ಟ್‌ಮ್ಯಾನ್ ಬಂದು ಮನೆ ಬಾಗಿಲಲ್ಲಿ ಎಣಿಸಿ ಕೊಡುತ್ತಿದ್ದ. ಬಂತೋ ಇಲ್ಲವೋ ಎಂಬುದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಈಗ ಹಣ ಆಧಾರ್ ಸಂಖ್ಯೆಯ ದಾರಿ ಹಿಡಿದು ಬರುತ್ತದೆ. ಒಬ್ಬರಿಗೆ ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ನೇರ ವರ್ಗಾವಣೆಯ ಹಣ ಹೋಗಿ ಬೀಳುವುದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಸಂಘದ ಸಾಲಕ್ಕೆಂದೋ ಬೆಳೆ ಸಾಲಕ್ಕೆಂದೋ ಯಾವತ್ತೋ ಒಂದು ಹೊಸ ಖಾತೆ ತೆರೆಸಿ, ಅಲ್ಲಿ ಆಧಾರ್ ಕೊಟ್ಟಿರುತ್ತಾರೆ. ಅಲ್ಲಿಂದ ಮುಂದೆ ಪಿಂಚಣಿ, ಹಾಲಿನ ಪ್ರೋತ್ಸಾಹಧನದ ಲೀಟರಿಗೆ 5 ರೂಪಾಯಿ, ಪಿಎಂ ಕಿಸಾನ್‌ನ ಕಂತು, ಗೃಹಲಕ್ಷ್ಮಿಯ 2,000 ಎಲ್ಲವೂ ಆ ಹೊಸ ಖಾತೆಗೆ ತಿರುಗುತ್ತವೆ. ಅಜ್ಜಿ ಮಾತ್ರ ಹಳೆಯ ಪಾಸ್‌ಬುಕ್ಕನ್ನು ಎಂಟ್ರಿ ಹಾಕಿಸಿ ಹಾಕಿಸಿ 'ಬಂದಿಲ್ಲ' ಎಂದು ಅಳುತ್ತಾರೆ. ಹಣ ಬಂದಿರುತ್ತದೆ, ಬೇರೆಡೆ ಕುಳಿತಿರುತ್ತದೆ. ಕೆಲವು ಸಲ ಅದು ಕುಳಿತ ಖಾತೆಯ ಸಾಲದ ಕಂತಿಗೆ ಕತ್ತರಿಸಿಯೂ ಹೋಗಿರುತ್ತದೆ. ಬ್ಯಾಂಕಿನಲ್ಲಿ 'ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆ' ಎಂದು ಒಂದು ಪ್ರಶ್ನೆ ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಆ ಪ್ರಶ್ನೆಯನ್ನು ಕೇಳಬೇಕೆಂದು ಎಪ್ಪತ್ತರ ಅಜ್ಜಿಗೆ ಹೇಗೆ ಗೊತ್ತಾಗಬೇಕು? ಕೇಳಬೇಕಾದವನು ಮೊಬೈಲ್ ಬಲ್ಲ ಮೊಮ್ಮಗ.

ಬೆರಳಚ್ಚಿನ ಕಷ್ಟ ಇನ್ನೊಂದು. ಹಾಲು ಕರೆದು, ಕಳೆ ಕಿತ್ತು, ಇಟ್ಟಿಗೆ ಹೊತ್ತು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನೂ ಕಣ್ಣಿನ ಪಾಪೆಯನ್ನೂ ಹೊಸದಾಗಿ ದಾಖಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ನೌಕರಿಯ ಪಿಂಚಣಿದಾರರ ಜೀವಂತ ಪ್ರಮಾಣಪತ್ರವನ್ನಂತೂ 2014ರಿಂದಲೇ ಡಿಜಿಟಲ್ ಆಗಿ ಕೊಡಬಹುದು. ನವೆಂಬರ್ ತಿಂಗಳು ಅದರ ಕಾಲ, 80 ದಾಟಿದ ಕೇಂದ್ರ ಪಿಂಚಣಿದಾರರಿಗೆ ಅಕ್ಟೋಬರಿನಿಂದಲೇ ಅವಕಾಶ. ಅಂಚೆಯವರೇ ಮನೆಗೆ ಬಂದು ಮಾಡಿಕೊಡುತ್ತಾರೆ. ಎಪ್ಪತ್ತು ದಾಟಿದವರಿಗೆ, ನಡೆಯಲಾಗದವರಿಗೆ ಮನೆ ಬಾಗಿಲಲ್ಲೇ ಮೂಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಹಾಸಿಗೆ ಹಿಡಿದ ತಾಯಿಯನ್ನು ಆಟೋದಲ್ಲಿ ಮಲಗಿಸಿಕೊಂಡು ಶಾಖೆಗೆ ತರುವ ಅಗತ್ಯವಿಲ್ಲ. ಕೇಳಿ, ಬರವಣಿಗೆಯಲ್ಲಿ ಕೇಳಿ.

ನಮ್ಮ ಗಡಿಸೀಮೆಗೇ ಸೇರಿದ ಮತ್ತೊಂದು ಸಂಕಟವಿದೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಕಾಗದಪತ್ರ ಕನ್ನಡದಲ್ಲಿ. ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿ. ಬ್ಯಾಂಕಿನ ಹೊಸ ಅಧಿಕಾರಿ ಆಡುವುದು ಹಿಂದಿ. ನಾಲ್ಕು ಭಾಷೆಗಳ ನಡುವೆ ನಿಂತ ಒಬ್ಬ ಅಪ್ಪನಿಗೆ ತನ್ನ ಹಣ ಎಲ್ಲಿದೆ ಎಂದು ತಿಳಿಯದಿದ್ದರೆ ಅದು ಅವನ ದಡ್ಡತನವಲ್ಲ. ಫೋನಿನಲ್ಲಿ 'ನಾಯನಾ, ಒಟಿಪಿ ಚೆಪ್ಪು' ಎಂದು ಅವನದೇ ಮಾತಿನಲ್ಲಿ ಅಕ್ಕರೆಯಿಂದ ಕೇಳುವ ಒಬ್ಬನೇ ಒಬ್ಬ ವಂಚಕನಾಗಿದ್ದರೆ, ಆ ಅಪ್ಪ ಅವನನ್ನು ನಂಬುವುದರಲ್ಲಿ ಆಶ್ಚರ್ಯವೇನಿದೆ?

ವಂಚನೆಯ ಬಗ್ಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮೂರು ಸಂಗತಿ ಮನೆಯಲ್ಲಿ ಹೇಳಿ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ, ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ಹೆದರಿಸುವವನು ಪೊಲೀಸನಲ್ಲ. ಹಣ ಹೋಯಿತೆಂದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಕೈತಪ್ಪುತ್ತದೆ. ಇನ್ನು ಜಮೀನು ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಆದ್ದರಿಂದ ಆಧಾರ್ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಬಳಸಿಕೊಳ್ಳಿ. ಪಡಿತರ ತರುವ ದಿನ ತೆರೆದು ಮತ್ತೆ ಹಾಕಬೇಕಾಗುತ್ತದೆ, ಆ ಕೆಲಸವನ್ನು ಮನೆಯ ಕಿರಿಯರೊಬ್ಬರು ವಹಿಸಿಕೊಳ್ಳಬೇಕು. ವಂಚನೆಗೊಳಗಾದ ಹಿರಿಯರನ್ನು ಮಾತ್ರ ಬೈಯಬೇಡಿ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಹೇಳುವುದೇ ಇಲ್ಲ.

ಈಗ ಖಾತೆಯ ವಿಷಯ. ಅಪ್ಪನಿಗೆ ಓಡಾಡಲು ಆಗುವುದಿಲ್ಲವೆಂದು ಮಗನ ಹೆಸರನ್ನು ಖಾತೆಗೆ ಸೇರಿಸುತ್ತಾರೆ. ಫಾರಂನಲ್ಲಿ ಒಂದು ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂದು ಗುರುತು ಹಾಕಿದರೆ ಮಗ ನಾಳೆಯೇ ಬಂದು ಅಷ್ಟೂ ಹಣ ತೆಗೆಯಬಹುದು, ಬ್ಯಾಂಕು ತಡೆಯುವಂತಿಲ್ಲ. 'ಮೊದಲ ಹೆಸರಿನವರು ಅಥವಾ ಉಳಿದವರು' ಎಂದು ಹಾಕಿದರೆ ಅಪ್ಪ ಇರುವವರೆಗೂ ಅಪ್ಪನೇ ವ್ಯವಹಾರ ಮಾಡಬೇಕು, ಅವರ ನಂತರ ಮಗನಿಗೆ ತೊಂದರೆಯಿಲ್ಲದೆ ಸಿಗುತ್ತದೆ. ದೊಡ್ಡ ಠೇವಣಿಗೆ ಎರಡನೆಯದು ಸರಿ. ದಿನಬಳಕೆಯ ಸಣ್ಣ ಖಾತೆಗೆ ಬೇಕಿದ್ದರೆ ಮೊದಲನೆಯದು ಇರಲಿ. ಈ ಒಂದು ಸಾಲನ್ನು ಬಿಡಿಸಿ ಹೇಳದೆ ಸಹಿ ಹಾಕಿಸಿಕೊಳ್ಳುವ ಮಗನನ್ನು ನಾನು ಒಳ್ಳೆಯ ಮಗ ಎನ್ನಲಾರೆ, ಅವನ ಮನಸ್ಸಿನಲ್ಲಿ ಯಾವ ಕೆಡುಕೂ ಇಲ್ಲದಿದ್ದರೂ. ನಾಮಿನಿ ಎಂದರೆ ವಾರಸುದಾರ ಎಂದು ತಿಳಿದು ಜಗಳವಾಡುವ ಅಣ್ಣತಮ್ಮಂದಿರಿಗೂ ಒಂದು ಮಾತು. ನಾಮಿನಿ ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವನು ಎಂದು ಸುಪ್ರೀಂ ಕೋರ್ಟು ವಿಮೆಯ ಒಂದು ಪ್ರಕರಣದಲ್ಲಿ 1983ರಲ್ಲೇ ಹೇಳಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆಷ್ಟು ಎಂದೂ ಬರೆಯಬಹುದು.

ಇನ್ನು ಜಮೀನಿನ ಹಣ. ಹೊಂಡಾ ಕಾರ್ಖಾನೆ 2013ರಲ್ಲಿ ನರಸಾಪುರದಲ್ಲಿ ಕೆಲಸ ಶುರುಮಾಡಿತು. ಅದರ ಸುತ್ತ, ವೇಮಗಲ್ಲಿನಲ್ಲಿ, ಮಾಲೂರಿನಲ್ಲಿ ಕೈಗಾರಿಕಾ ಪ್ರದೇಶಗಳು ಹಬ್ಬಿದವು. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಸೀಮೆಗಳನ್ನು ಹಾದುಹೋಯಿತು. ಬದುಕಿನಲ್ಲಿ ಒಂದು ಲಕ್ಷವನ್ನು ಒಟ್ಟಿಗೆ ನೋಡದ ರೈತನ ಖಾತೆಗೆ ಒಂದೇ ದಿನ ಎಷ್ಟೋ ಲಕ್ಷ ಬಂದು ಕುಳಿತಿತು. ಆ ವಾರವೇ ಕಾರು ಮಾರುವವರು, ಸೈಟು ಮಾರುವವರು, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ ಕೊಡುತ್ತೇವೆನ್ನುವವರು ಮನೆ ಹುಡುಕಿಕೊಂಡು ಬಂದರು. ಹೊಲ ಇದ್ದಾಗ ವರ್ಷಕ್ಕೊಮ್ಮೆಯಾದರೂ ಏನಾದರೂ ಬೆಳೆಯುತ್ತಿತ್ತು. ಹಣ ಖರ್ಚಾದ ಮೇಲೆ ಆ ಮುದುಕ ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಕಾವಲಿಗೆ ನಿಂತದ್ದನ್ನೂ ನೋಡಿದ್ದೇವೆ.

ಆ ಹಣಕ್ಕೆ ಇರುವ ದಾರಿ ಸರಳ. ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಿಂದ ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಇದೆ. 2023ರ ಏಪ್ರಿಲ್‌ನಲ್ಲಿ ಅದರ ಮಿತಿ 30 ಲಕ್ಷಕ್ಕೂ ಬಡ್ಡಿ ಶೇ. 8.2ಕ್ಕೂ ಏರಿತು. ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಆ ದರದಲ್ಲಿ 10 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬರುತ್ತದೆ. ಇದರಲ್ಲಿ ಜಂಟಿಯಾಗಿ ಸೇರಿಸಬಹುದಾದವರು ಗಂಡ ಅಥವಾ ಹೆಂಡತಿ ಮಾತ್ರ, ಮಕ್ಕಳಲ್ಲ. ಈ ನಿಯಮವನ್ನು ಮಾಡಿದವರು ಯಾರೇ ಇರಲಿ, ಸಂಸಾರ ಬಲ್ಲವರು.

ಹೆಚ್ಚು ಗಳಿಕೆಯ ಆಸೆಯಿಂದ ಏನಾಯಿತೆಂದು ನಮ್ಮ ಕಣ್ಣೆದುರೇ ಇದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಂಪನಿ ಬಾಗಿಲು ಮುಚ್ಚಿದಾಗ ಮಗಳ ಮದುವೆಗೆ, ತಮ್ಮ ಮುಪ್ಪಿಗೆ ಎಂದು ಕೂಡಿಟ್ಟಿದ್ದ ಸಾವಿರಾರು ಸಾಧಾರಣ ಕುಟುಂಬಗಳ ಹಣ ಮುಳುಗಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರು ತೆಗೆಯಬಹುದಾದ ಮೊತ್ತ 35,000 ರೂಪಾಯಿಗೆ ನಿಂತಿತು. ಬಸವನಗುಡಿಯ ಆ ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತವರಲ್ಲಿ ಬಹಳ ಮಂದಿ ನಿವೃತ್ತರು. ಅದೇ ವರ್ಷದ ಫೆಬ್ರವರಿ 4ರಿಂದ ಬ್ಯಾಂಕ್ ಠೇವಣಿಯ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದರಿಂದ ಒಂದಿಷ್ಟು ಜನಕ್ಕಾದರೂ ಆಮೇಲೆ ಹಣ ಸಿಕ್ಕಿತು. ನೆನಪಿಡಿ, ಆ ವಿಮೆ ಇರುವುದು ಬ್ಯಾಂಕುಗಳಿಗೆ. ಪತ್ತಿನ ಸಹಕಾರ ಸಂಘಕ್ಕೂ ಪತ್ತಿನ ಸೌಹಾರ್ದಕ್ಕೂ, ಎದುರು ಮನೆಯವರು ನಡೆಸುವ ಚೀಟಿಗೂ ಅದಿಲ್ಲ. ಸೌಹಾರ್ದಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಇಲ್ಲವೆಂದಲ್ಲ. ಆದರೆ ಮುಪ್ಪಿನ ಹಣವನ್ನೆಲ್ಲ ಒಂದೇ ಕಡೆ, ಅದೂ ವಿಮೆಯಿಲ್ಲದ ಕಡೆ ಇಡುವುದು ಬೇಡ.

ಇಷ್ಟೆಲ್ಲ ಹೇಳಿದ್ದು ಹೊರಗಿನವರಿಂದ ಬರುವ ಕಷ್ಟ. ಈಗ ಮನೆಯೊಳಗಿನ ಮಾತಿಗೆ ಬರುತ್ತೇನೆ. ಹಿರಿಯರು ಕುಳಿತಿದ್ದಾರೆಂದು ಸಂಕೋಚಪಡುವುದಿಲ್ಲ, ಅವರಿಗಾಗಿಯೇ ಹೇಳುತ್ತಿದ್ದೇನೆ.

'ಅಪ್ಪಾ, ಹೇಗೂ ನನಗೇ ತಾನೇ, ಈಗಲೇ ಬರೆದುಕೊಟ್ಟುಬಿಡು, ಲೋನ್ ತೆಗೆಯಬೇಕು' ಎಂದು ಮಗ ಕೇಳುತ್ತಾನೆ. ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾನೆ. ದಾನಪತ್ರ ನೋಂದಣಿಯಾಗಿ ಮಗ ಅದನ್ನು ಒಪ್ಪಿಕೊಂಡ ದಿನವೇ ಆಸ್ತಿ ಅಪ್ಪನ ಕೈಬಿಟ್ಟು ಹೋಯಿತು. ಉಯಿಲು ಹಾಗಲ್ಲ. ಅದು ಜಾರಿಗೆ ಬರುವುದು ಬರೆದವರ ನಂತರ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವೂ ಅಲ್ಲ, ಮಾಡಿಸಿದರೆ ಒಳ್ಳೆಯದು. ಮಕ್ಕಳಿಗೆ ಆಸ್ತಿ ಹೋಗಬೇಕೆಂಬುದೇ ಇಷ್ಟವಾದರೆ ಉಯಿಲು ಬರೆಯಿರಿ. ಬದುಕಿರುವಾಗ ದಾನಪತ್ರ ಮಾಡಬೇಡಿ. ನನ್ನ ಅಭಿಪ್ರಾಯ ಇದರಲ್ಲಿ ಖಡಾಖಂಡಿತ.

ಮಾಡಲೇಬೇಕಾಗಿ ಬಂದರೆ, ತಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕೆಂಬ ಷರತ್ತನ್ನು ಆ ಪತ್ರದಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮು ಅಂಥ ಷರತ್ತು ಮುರಿದರೆ ಪತ್ರವನ್ನೇ ರದ್ದು ಮಾಡುವ ಅಧಿಕಾರ ಕೊಡುತ್ತದೆ. ಷರತ್ತು ಇಲ್ಲದಿದ್ದರೆ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ 2025ರ ಜನವರಿ 2ರಂದು ಅದೇ ನ್ಯಾಯಾಲಯ, ಈ ಕಾಯ್ದೆ ಹಿರಿಯರ ಹಿತಕ್ಕೆ ಬಂದದ್ದು, ಅದನ್ನು ಉದಾರವಾಗಿ ಓದಬೇಕು ಎಂದು ಹೇಳಿ ಆ ತಾಯಿಗೆ ಆಸ್ತಿ ಮರಳಿಸಿತು. ಅವರ ಬಳಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ವಚನಪತ್ರವಿತ್ತು. ಕಾಗದವಿದ್ದರೆ ಆಯಿತು, ಬಾಯಿಮಾತು ನಿಲ್ಲುವುದು ಕಷ್ಟ.

ಈ ಕಾಯ್ದೆಯಡಿ ದೂರು ಕೇಳುವ ನ್ಯಾಯಮಂಡಳಿಯ ಅಧ್ಯಕ್ಷರು ಉಪವಿಭಾಗಾಧಿಕಾರಿಗಳು. ನಮ್ಮ ಈ ತಾಲ್ಲೂಕುಗಳವರಿಗೆ ಕೋಲಾರದ ಎಸಿ ಕಚೇರಿ. ಅಲ್ಲಿ ಅರ್ಜಿ ಕೊಡಲು ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ನೋಟಿಸು ಹೋದ 90 ದಿನಗಳಲ್ಲಿ ಜೀವನಾಂಶದ ತೀರ್ಮಾನ ಆಗಬೇಕೆಂದು ಕಾಯ್ದೆ ಹೇಳುತ್ತದೆ, ತಿಂಗಳಿಗೆ 10,000 ರೂಪಾಯಿವರೆಗೆ ಆದೇಶವಾಗಬಹುದು. ಮೇಲ್ಮನವಿ ಜಿಲ್ಲಾಧಿಕಾರಿಗಳಿಗೆ. 14567 ಹಿರಿಯರ ಸಹಾಯವಾಣಿ, ಎಲ್ಲಿಗೆ ಹೋಗಬೇಕೆಂದು ಅಲ್ಲಿಯೂ ಕೇಳಬಹುದು. ಆದರೂ ಎಸಿ ಕಚೇರಿಯ ಮೆಟ್ಟಿಲು ಹತ್ತುವ ತಾಯಿಯರು ಕಡಿಮೆ. 'ಮಗನ ಮೇಲೆ ದೂರು ಕೊಟ್ಟವಳು' ಎಂಬ ಮಾತಿಗೆ ಹೆದರುತ್ತಾರೆ. ಆ ಹೆದರಿಕೆಯನ್ನು ಹುಟ್ಟಿಸಿದವರು ನಾವು, ಅಂದರೆ ಊರಿನವರು. ಮಗನನ್ನು ಕೇಳಬೇಕಾದ ಪ್ರಶ್ನೆಯನ್ನು ತಾಯಿಯನ್ನು ಕೇಳುವುದನ್ನು ನಾವು ಬಿಡಬೇಕು.

ಹೆಣ್ಣುಮಕ್ಕಳ ಮಾತು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ತೀರ್ಮಾನಿಸಿತು. ಪರಿಹಾರದ ಹಣ ಬಂದಾಗ ಮಾತ್ರ ಅಕ್ಕತಂಗಿಯರನ್ನು ಕರೆದು, ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಅಪ್ಪ ಆಸ್ಪತ್ರೆ ಸೇರಿದಾಗ ರಾತ್ರಿಯೆಲ್ಲ ಕೂರುವವಳು ಅದೇ ಮಗಳು. ಇದು ಅನ್ಯಾಯ, ಬೇರೆ ಮಾತಿಲ್ಲ.

ತಾಯಿಯ ಹೆಸರಿನ ಸಾಲವೂ ಹೀಗೆಯೇ. ಸ್ತ್ರೀಶಕ್ತಿ ಸಂಘಗಳು ಈ ಜಿಲ್ಲೆಯ ಹೆಂಗಸರಿಗೆ ಬ್ಯಾಂಕಿನ ಬಾಗಿಲು ತೆರೆದವು, ಅದು ದೊಡ್ಡ ಕೆಲಸ. ಆದರೆ ಸಂಘದ ಸಾಲ, ಕಿರು ಹಣಕಾಸು ಸಂಸ್ಥೆಯ ಸಾಲ ತಾಯಿಯ ಹೆಸರಿನಲ್ಲಿ, ಹಣ ಮಗನ ಬೈಕಿಗೆ ಅಥವಾ ಟೊಮೆಟೊ ಸಸಿಗೆ. ಕಂತಿನ ದಿನ ಮನೆ ಮುಂದೆ ಕೂರುವವರು ಹುಡುಕುವುದು ಆಕೆಯನ್ನೇ. ಇಂಥ ವಸೂಲಿಯ ಕಾಟ ಎಷ್ಟಾಯಿತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ತಾಯಿಯ ಹಣಕಾಸು ಸರಿಪಡಿಸಬೇಕೆನ್ನುವ ಮಗ ಮೊದಲು ತನಗಾಗಿ ಆಕೆ ಹೊತ್ತಿರುವ ಸಾಲವನ್ನು ತನ್ನ ಹೆಸರಿಗೆ ಮಾಡಿಕೊಳ್ಳಲಿ, ಇಲ್ಲವೇ ತೀರಿಸಲಿ.

ಮರೆವಿನ ಕಾಯಿಲೆಯ ಬಗ್ಗೆ ಒಂದೇ ಮಾತು. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ, ಬರೆಸಿಕೊಂಡಿದ್ದೇವೆ, ಮುಂದೆ ಅಪ್ಪನಿಗೆ ಏನೇ ಆದರೂ ತೊಂದರೆಯಿಲ್ಲ ಎಂದು ಬಹಳ ಮಂದಿ ನಿಶ್ಚಿಂತೆಯಿಂದಿದ್ದಾರೆ. 1872ರ ಕರಾರು ಕಾಯ್ದೆಯ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಆ ಅಧಿಕಾರ ಮುಗಿಯುತ್ತದೆ. ಬಹಳ ಬೇಕಾದ ಹೊತ್ತಿನಲ್ಲೇ ಅದು ಕೆಲಸಕ್ಕೆ ಬಾರದು, ಆಮೇಲೆ ನ್ಯಾಯಾಲಯವೇ ಗತಿ. ಆದ್ದರಿಂದ ಎಲ್ಲೆಲ್ಲಿ ಏನಿದೆ ಎಂಬುದನ್ನು ಅವರು ಸ್ವಸ್ಥವಾಗಿರುವಾಗಲೇ ಅವರ ಬಾಯಿಂದ ಕೇಳಿ ಬರೆದಿಡಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2023ರ ಆಗಸ್ಟ್‌ನಿಂದ 'ಉದ್ಗಮ್' ಎಂಬ ಪೋರ್ಟಲಿನಲ್ಲಿ ಅಂಥ ಹಣವನ್ನು ಹುಡುಕಬಹುದು, ವಾರಸುದಾರರು ಮರಳಿ ಪಡೆಯಲೂಬಹುದು. ಆದರೆ ಅಪ್ಪ ಎದುರಿಗೇ ಇರುವಾಗ ಪೋರ್ಟಲಿನ ಅಗತ್ಯವೇನು?

ಹೇಗೆ ಕೇಳುವುದು ಎಂಬುದೇ ಹಲವರ ಕಷ್ಟ. 'ನಿನ್ನ ದುಡ್ಡು ಎಷ್ಟಿದೆ' ಎಂದು ಶುರುಮಾಡಿದರೆ ಯಾವ ಅಪ್ಪನೂ ಹೇಳುವುದಿಲ್ಲ. ಹಿಂದೆ ಒಮ್ಮೆ ಹೇಳಿ ಕೆಟ್ಟವರ ಕಥೆ ಅವರಿಗೆ ಗೊತ್ತಿರುತ್ತದೆ. ನಿಮ್ಮದನ್ನು ಮೊದಲು ಅವರ ಮುಂದಿಡಿ. ನನ್ನ ಸಂಬಳ ಇಷ್ಟು, ಸಾಲ ಇಷ್ಟು, ನನಗೇನಾದರೂ ಆದರೆ ಇಂಥ ಪಾಲಿಸಿ ಇದೆ ಎಂದು ಹೇಳಿ. ಆಮೇಲೆ ಒಂದು ನೋಟುಪುಸ್ತಕ ತೆಗೆದು ಅವರ ಕೈಗೇ ಕೊಡಿ. ಓದುಬರಹ ಬಾರದವರಾದರೆ ಅವರು ಹೇಳಲಿ, ನೀವು ಬರೆಯಿರಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ಪುಸ್ತಕ ಅವರ ಪೆಟ್ಟಿಗೆಯಲ್ಲೇ ಇರಲಿ. ಜೊತೆಯಲ್ಲಿರುವ ಮಗನೋ ಸೊಸೆಯೋ ಮಾಡುವ ಖರ್ಚು ಅಪ್ಪನ ಹಣದಿಂದಲೇ ಆಗುವುದಾದರೆ ಆಗಲಿ, ಅದರಲ್ಲಿ ತಪ್ಪಿಲ್ಲ, ಆದರೆ ಬರೆದಿಡಲಿ. ಔಷಧಿ ಬಿಲ್ಲಿನ ಫೋಟೊ ಅಕ್ಕತಮ್ಮಂದಿರೆಲ್ಲರ ಫೋನಿಗೂ ಹೋಗಲಿ. ದೂರದಲ್ಲಿ ಕುಳಿತು ಲೆಕ್ಕ ಕೇಳುವ ಮಗ ತನ್ನ ಪಾಲಿನ ಹಣವನ್ನೂ ತಿಂಗಳ ಮೊದಲ ವಾರ ಕಳಿಸಲಿ. ಹತ್ತಿರವಿದ್ದು ಸೇವೆ ಮಾಡುವ ಸೊಸೆಗೆ ಕಾಯ್ದೆಯಲ್ಲಿ ಹೆಸರಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಆಕೆಯ ದುಡಿಮೆಯನ್ನೂ ಕುಟುಂಬ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಪ್ಪ ಅಮ್ಮ ನಿಮ್ಮ ಮಾತು ಕೇಳದೆ ಹೋಗಬಹುದು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಐವತ್ತು ಸಾವಿರ ಕೊಟ್ಟುಬಿಡಬಹುದು, ನಿಮಗಿಷ್ಟವಿಲ್ಲದ ತಮ್ಮನಿಗೆ ಸಾಲ ಕೊಡಬಹುದು. ವಂಚಕರು ಹಿಂದಿಲ್ಲವೆಂದು ಖಾತರಿ ಮಾಡಿಕೊಳ್ಳಿ, ನಿಮ್ಮ ಅಭಿಪ್ರಾಯ ಒಮ್ಮೆ ಹೇಳಿ, ಆಮೇಲೆ ಸುಮ್ಮನಿರಿ. ಬಿಸಿಲಲ್ಲಿ ದುಡಿದವರು ಅವರು.

ಈ ಸಭೆಯಲ್ಲಿ ಬ್ಯಾಂಕಿನವರಿದ್ದಾರೆ, ತಾಲ್ಲೂಕು ಕಚೇರಿಯವರಿದ್ದಾರೆ, ಹಾಲಿನ ಸಂಘಗಳ ಕಾರ್ಯದರ್ಶಿಗಳಿದ್ದಾರೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ತಿಂಗಳಿಗೆ ಒಂದು ದಿನ, ಊರಿನ ಡೇರಿ ಕಟ್ಟಡದಲ್ಲೇ, ಹಾಲು ಹಾಕುವ ಹೊತ್ತು ಮುಗಿದ ಮೇಲೆ, ಕನ್ನಡವೂ ತೆಲುಗೂ ಬಲ್ಲ ಒಬ್ಬರು ಕುಳಿತು ಹಿರಿಯರ ಪಾಸ್‌ಬುಕ್ಕು, ಆಧಾರ್ ಜೋಡಣೆ, ನಾಮಿನಿ, ಪಿಂಚಣಿಯ ಸ್ಥಿತಿ ಇಷ್ಟನ್ನು ನೋಡಿ ಹೇಳಲಿ. ಡೇರಿಯಲ್ಲಿ ಕಟ್ಟಡವಿದೆ, ಕುರ್ಚಿಯಿದೆ, ಕರೆಂಟಿದೆ, ಜನ ದಿನಕ್ಕೆರಡು ಸಲ ಬಂದೇ ಬರುತ್ತಾರೆ. ಇದಕ್ಕೆ ಹೊಸ ಯೋಜನೆ ಬೇಡ, ಆದೇಶ ಬೇಡ. ನಿವೃತ್ತರಾದ ನಾವು ಕೆಲವರು ಬಂದು ಕೂರಲು ಸಿದ್ಧರಿದ್ದೇವೆ. ಯಾವ ಊರಿನಿಂದ ಶುರುಮಾಡೋಣ ಎಂದು ಸಭೆ ಮುಗಿಯುವ ಮೊದಲು ಕಾರ್ಯದರ್ಶಿಗಳು ನನಗೆ ತಿಳಿಸಬೇಕು.